ಪದ ಬೇಕು, ತುರ್ತು: ಮುಖ ಸೊಟ್ಟಗಾದದ್ದಕ್ಕೆ 'ಲಕ್ವ' ಸರಿಯೇ?

ಉಡುಪಿಯಿಂದ:
ನರಪರೀಕ್ಷೆಯ ಕೊಠಡಿಗೆ ಒಂದು ಫಲಕ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ನರ್ಸಿಂಗ್ ಮಕ್ಕಳೂ ಓದುತ್ತಾರೆ, ರೋಗಿಯ ಕಡೆಯವರೂ ಓದುತ್ತಾರೆ. ಏಳನೆಯ ಕಪಾಲ ನರ (ಮಿದುಳಿನಿಂದ ನೇರ ಹೊರಡುವ ನರಗಳಲ್ಲೊಂದು) ಸೋತು ಮುಖದ ಒಂದು ಬದಿ ಬಿದ್ದುಹೋಗುವುದಕ್ಕೆ (ಬೆಲ್ಸ್ ಪಾಲ್ಸಿ) ಹೆಸರು ಬೇಕು. ಕರಡಿನಲ್ಲಿರುವ 'ಮುಖದ ಲಕ್ವ' ನೋಡಿದವರು ಸ್ಟ್ರೋಕ್ (ಮಿದುಳಿನ ಹೊಡೆತ) ಎಂದೇ ಹೆದರುತ್ತಾರೆ. ಅಂಗ ಆಡಿಸುವ ನರಕ್ಕೆ 'ಚಾಲಕ ನರ' ಅಂದರೆ ಬಸ್ಸಿನವನ ನೆನಪಾಗುತ್ತದೆ. ಬೇರೇನಾದರೂ ಇದೆಯೇ?

ಕಾರ್ಕಳದಿಂದ:
ಆಯುರ್ವೇದದ 'ಅರ್ದಿತ' ಇದಕ್ಕೇ ಇರುವ ಪದ. ಲಕ್ವ ಅರಬ್ಬಿಯದು. ಅಲ್ಲಿಯೂ ಅರ್ಥ ಮುಖ ಸೊಟ್ಟಗಾಗುವ ರೋಗವೇ, ಕೈಕಾಲಿಗೆ ಹಬ್ಬಿಸಿದವರು ನಾವು. ಇನ್ನು 'ಕಪಾಲ ನರ' ಸಂಸ್ಕೃತಕ್ಕೆ ಕನ್ನಡ ಬೆಸೆದ ಶುದ್ಧ ಅರಿಸಮಾಸ. ನರ ದ್ರಾವಿಡ ಪದ, ತಮಿಳಿನ ನರಂಬು ನೋಡಿ. 'ಬುರುಡೆನರ' ಎನ್ನಿ. ಚಾಲಕದ ಬದಲು 'ಪ್ರೇರಕ' ಹಾಕಿ.

ಮಂಗಳೂರಿನಿಂದ:
ಮಾಷ್ಟ್ರೇ, ಅರ್ದಿತ ಎಂದರೆ ಒಪಿಡಿ ಸಾಲಿನಲ್ಲಿ ನಿಂತವರಿಗೆ ಏನು ತಿಳಿಯುತ್ತದೆ? 'ಮುಖದ ನರದ ಸೋಲು' ಸಾಕು.

ಫಲಕದಲ್ಲಿ ನಿಜವಾಗಿ ಕೆಟ್ಟಿರುವ ಪದ 'ಸೊಟ್ಟ'. ಹಲ್ಲು ತೋರಿಸಿ ಎಂದಾಗ ಬಾಯಿ ಎಳೆಯುವುದು ಗಟ್ಟಿ ಇರುವ ಬದಿಗೆ. 'ಎಡಕ್ಕೆ ಸೊಟ್ಟ' ಎಂದು ಬರೆದರೆ ಮಕ್ಕಳು ಎಡದ ನರವನ್ನೇ ದೂರುತ್ತಾರೆ, ಸೋತಿರುವುದು ಬಲದ್ದು. ನಾಲಿಗೆಯದ್ದು (ಹನ್ನೆರಡನೆಯ ನರ) ಉಲ್ಟಾ: ಗಟ್ಟಿ ಬದಿಯ ಸ್ನಾಯು ನೂಕುವುದರಿಂದ ಅದು ಸೋತ ಬದಿಗೇ ವಾಲುತ್ತದೆ. ಕಿರುನಾಲಿಗೆ (ಹತ್ತನೆಯದು) 'ಆ' ಅನ್ನಿಸಿದಾಗ ಮತ್ತೆ ಗಟ್ಟಿ ಬದಿಗೆ. ಹಾಗಾಗಿ ಬಾಯಿಗೆ 'ಎಳೆಯುತ್ತದೆ', ನಾಲಿಗೆಗೆ 'ವಾಲುತ್ತದೆ' ಎಂದು ಬೇರೆ ಬೇರೆ ಕ್ರಿಯಾಪದ ಇಡಿ. ಬಾಯಿ ಎಳೆದಿದ್ದರೆ ನೆಟ್ಟಗಿರುವ ನಾಲಿಗೆಯೂ ವಾಲಿದಂತೆ ಕಾಣುತ್ತದೆ. ತುಟಿಯನ್ನು ಬೆರಳಿನಿಂದ ಸರಿಮಾಡಿ, ಮೂಗಿನ ತುದಿಯ ನೇರಕ್ಕೆ ಹೋಲಿಸಬೇಕು.

ಮೊದಲ ಸಾಲು ಹಣೆಯದ್ದಾಗಿರಲಿ. ಹುಬ್ಬು ಮೇಲೆತ್ತಿಸಿ. ಹಣೆಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಆದ್ದರಿಂದ ಮಿದುಳಿನ ಒಂದು ಬದಿಗೆ ಹೊಡೆತ ಬಿದ್ದರೂ ನೆರಿಗೆ ಉಳಿಯುತ್ತದೆ, ನರವೇ ಸೋತರೆ ಅಳಿಸಿಹೋಗುತ್ತದೆ. ಈ ನರ ಹೊರಡುವ ಮಿದುಳಿನ ಕಾಂಡದಲ್ಲೇ ಹೊಡೆತವಾದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ ಮಾತು ತೊದಲಿದರೆ, ಕೈಕಾಲು ಸೋತರೆ, ಹಣೆ ಹೇಗೇ ಇರಲಿ, ತುರ್ತು ವಿಭಾಗ. ಬೆಲ್ಸ್ ಪಾಲ್ಸಿಗೂ ಸ್ಟೀರಾಯ್ಡ್ 72 ಗಂಟೆಯೊಳಗೆ ಶುರುವಾಗಬೇಕು, 'ನೋಡುವ, ಇಳಿದೀತು' ಎಂದು ಕೂರುವಂತಿಲ್ಲ. ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ಟೇಪು.

ಕಾರ್ಕಳದಿಂದ:
'ಸ್ನಾಯು' ಅಂದಿರಲ್ಲ! ಸಂಸ್ಕೃತದಲ್ಲಿ ಅದು ಕಟ್ಟುವ ತಂತು, ಮಾಂಸವಲ್ಲ. ಹಿಂದಿಯವರಿಗೆ ಅದೇ ನರ. ನಮ್ಮ ಜನರಿಗೆ 'ಕಾಲಿನ ನರ ಉಬ್ಬಿದೆ' ಎಂದರೆ ರಕ್ತನಾಳ. ಬುಡವೇ ಸಡಿಲ.

ಸುರತ್ಕಲ್‌ನಿಂದ:
ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ, ಮಾಷ್ಟ್ರೇ. ನರಕ್ಕೂ ಒಂದು ಬಿರುದು ಎಂದುಕೊಳ್ಳಿ. ಅರಬ್ಬಿ ಬೇಡವೆಂದರೆ 'ವಕೀಲ', 'ತಕರಾರು' ಎರಡನ್ನೂ ಬಿಡಬೇಕು. ಎರಡನೆಯದನ್ನು ಬಿಟ್ಟು ನೀವು ಹೇಗೆ ಬದುಕುತ್ತೀರಿ?

ಕಾರ್ಕಳದಿಂದ:
ಬಿರುದಾವಳಿ ಬೇರೆ, ಆಸ್ಪತ್ರೆಯ ಗೋಡೆ ಬೇರೆ. ಬುರುಡೆನರ.

ಉಡುಪಿಯಿಂದ:
'ಮುಖದ ನರದ ಸೋಲು (ಬೆಲ್ಸ್ ಪಾಲ್ಸಿ)' ಎಂದು ಹಾಕುತ್ತಿದ್ದೇನೆ, ಎಳೆ-ವಾಲು ವ್ಯತ್ಯಾಸ ಸಮೇತ. ಕಪಾಲ ನರಗಳಿಗೆ ಅಂಕಿ ಮಾತ್ರ. ಹನ್ನೊಂದನೆಯದರ ಸಾಲು ಬಾಕಿ ಇದೆ: ಬಲ ಕತ್ತಿನ ಸ್ನಾಯು ಮುಖ ತಿರುಗಿಸುವುದು ಎಡಕ್ಕೆ. ಇದನ್ನು ಒಂದೇ ಸಾಲಿನಲ್ಲಿ ಹೇಳುವುದು ಹೇಗೆ, ಡಾಕ್ಟ್ರೇ?