ಊರಿಗೆ ದೊಡ್ಡ ಶಾಪಿಂಗ್ ಸೆಂಟರ್ ಬರುತ್ತದಂತೆ, ಅಂಗಡಿಯವರು ಏನು ಮಾಡಬೇಕು?

ಕೇಳಿದವರು (ತಾಲೂಕು ಪೇಟೆಯ ಬಟ್ಟೆ ಅಂಗಡಿ): ನಮ್ಮದು ಅಪ್ಪನ ಕಾಲದ ಸಣ್ಣ ಅಂಗಡಿ. ಪೇಟೆ ಮುಗಿಯುವ ಕಡೆ ರಸ್ತೆ ಪಕ್ಕದ ಗದ್ದೆ ಜಾಗದಲ್ಲಿ ಶಾಪಿಂಗ್ ಸೆಂಟರ್ ಕಟ್ಟುತ್ತಾರೆ ಅಂತ ಸುದ್ದಿ. ಒಂದು ದಿನ ಬಂದ್ ಮಾಡೋಣ, ಆಮೇಲೆ ಕೋರ್ಟಿಗೆ ಹೋಗೋಣ ಅಂತ ನಮ್ಮ ವರ್ತಕರ ಸಂಘದಲ್ಲಿ ಮಾತಾಗಿದೆ. ಇಂಥದ್ದನ್ನು ನೋಡಿದವರು ದಯವಿಟ್ಟು ಅನುಭವ ಹೇಳಿ.

ಸಾಗರದ ಹಾರ್ಡ್‌ವೇರ್ ಅಂಗಡಿಯವರು: ಅಣ್ಣಾ, ಕೋರ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ‘ನಮ್ಮ ವ್ಯಾಪಾರ ಬಿದ್ದುಹೋಗುತ್ತದೆ’ ಅನ್ನುವ ಒಂದೇ ಮಾತು ಹಿಡಿದು ಹೋದರೆ ಅರ್ಜಿ ನಿಲ್ಲುವುದು ಕಷ್ಟ. ಹಿಂದೆ ಮೈಸೂರು ರಾಜ್ಯದ ಅಕ್ಕಿ ಗಿರಣಿಯವರ ತಕರಾರೊಂದು ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಒಬ್ಬರು ಗಿರಣಿಯನ್ನು ಬೇರೆ ಜಾಗಕ್ಕೆ ಸಾಗಿಸಿದ್ದನ್ನು ಇನ್ನೊಬ್ಬರು ಪ್ರಶ್ನಿಸಿದ್ದರು. ಪೈಪೋಟಿ ಹೆಚ್ಚುತ್ತದೆ ಅಂತ ಇನ್ನೊಬ್ಬರ ವ್ಯಾಪಾರ ತಡೆಯಲು ಬರುವುದಿಲ್ಲ ಅಂತ 1970ರಲ್ಲೇ ತೀರ್ಪಾಯಿತು. ಆಮೇಲೆ ಗುಜರಾತಿನ ಟಾಕೀಸ್ ಮಾಲೀಕರೊಬ್ಬರು ಎದುರಾಳಿ ಟಾಕೀಸಿನ ವಿರುದ್ಧ ಹೋದಾಗಲೂ ಹೆಚ್ಚು ಕಡಿಮೆ ಅದೇ ಉತ್ತರ ಸಿಕ್ಕಿತು. ವಕೀಲರ ಫೀಸು ಕೂಡಿಸುವ ಮೊದಲು ಸಂಘದಲ್ಲಿ ಇದನ್ನು ಓದಿ ಹೇಳಿ.

ಹಾಗಂತ ಸುಮ್ನೆ ಕೂರಬೇಕು ಅಂತಲ್ಲ. ಜಾಗದ ಮೇಲೆ, ನೀರಿನ ಮೇಲೆ, ರಸ್ತೆಯ ಮೇಲೆ ಪ್ರಶ್ನೆ ಎತ್ತಿ. ಅದು ಊರಿನ ಎಲ್ಲರ ಪ್ರಶ್ನೆ, ವರ್ತಕರದ್ದು ಮಾತ್ರ ಅಲ್ಲ.

ಆ ಗದ್ದೆಗೆ ಅಲಿನೇಷನ್ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ) ಆಗಿದೆಯಾ, ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ತೋರಿಸುವ ಮಾಸ್ಟರ್ ಪ್ಲಾನ್‌ನಲ್ಲಿ ಅದು ಯಾವ ವಲಯದಲ್ಲಿದೆ, ಮೊದಲು ತಿಳಿದುಕೊಳ್ಳಿ. ಶಿವಮೊಗ್ಗ, ಭದ್ರಾವತಿಗೆ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ನಿಮ್ಮ ಪೇಟೆಗೆ ಯಾವ ಪ್ರಾಧಿಕಾರ ಅಂತ ಪುರಸಭೆಯಲ್ಲೇ ಹೇಳುತ್ತಾರೆ. ಬಾಯಲ್ಲಿ ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಭೂ ಬಳಕೆ ಬದಲಾಯಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಸೆಕ್ಷನ್ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಸಮಯ ಕೊಡಬೇಕು. ಆ ಪ್ರಕಟಣೆ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಮ್ಮಲ್ಲೂ ಇಂಥದ್ದೇ ಕಟ್ಟಡ ಬರುವಾಗ ಅದು ಹಬ್ಬದ ಸೀಸನ್‌ನಲ್ಲಿ ಬಂದಿತ್ತು. ಅದನ್ನು ನೋಡಿದ್ದು ನಿವೃತ್ತ ಮೇಷ್ಟ್ರೊಬ್ಬರು. ಅವರಿಂದಾಗಿ ನಮ್ಮ ಆಕ್ಷೇಪಣೆ ಸಮಯಕ್ಕೆ ತಲುಪಿತು. ನೀವೂ ಯಾರಾದರೂ ಒಬ್ಬರಿಗೆ ದಿನಾ ಪೇಪರ್ ನೋಡುವ ಕೆಲಸ ವಹಿಸಿ.

ನೀರಿನ ವಿಷಯಕ್ಕೆ ಜಾಸ್ತಿ ಒತ್ತು ಕೊಡಿ. ಮಲೆನಾಡಿನಲ್ಲಿ ಗದ್ದೆ ಅಂದರೆ ಸುತ್ತಲಿನ ಗುಡ್ಡದ ನೀರು ಬಂದು ನಿಲ್ಲುವ ತಗ್ಗು. ಅದಕ್ಕೆ ಮಣ್ಣು ತುಂಬಿ ಎತ್ತರ ಮಾಡಿದರೆ ಜುಲೈ ತಿಂಗಳ ಮಳೆಯಲ್ಲಿ ಆ ನೀರು ಯಾರ ಮನೆಗೆ ನುಗ್ಗಬೇಕು? ಕೆಳಗಿನ ಮನೆಯವರ ಜೊತೆ ಕೂತು ಮಳೆಗಾಲದಲ್ಲೇ ಫೋಟೊ ತೆಗೆದಿಡಿ. ನಮ್ಮ ಆಕ್ಷೇಪಣೆಯಲ್ಲಿ ಅಧಿಕಾರಿಗಳು ನಿಜವಾಗಿ ಓದಿದ್ದು ಆ ಭಾಗವನ್ನೇ. ಕೊನೆಗೆ ಕಟ್ಟಡ ಬಂತು. ಆದರೆ ಹಳ್ಳದ ಜಾಗ ಬಿಟ್ಟು, ನಕ್ಷೆ ಬದಲಾಗಿ, ಒಳಗೇ ಪಾರ್ಕಿಂಗ್ ಇಟ್ಟುಕೊಂಡು ಬಂತು.

ಇನ್ನೊಂದು ವಿಷಯ. ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆದರೆ ಅಣೆಕಟ್ಟೆ, ಗಣಿಗೆ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆ ಕಟ್ಟಡಗಳಿಗೆ ಇಲ್ಲ. ಸಭೆ ಕರೆಯುತ್ತಾರೆ ಅಂತ ಕಾಯಬೇಡಿ.

ಶಿವಮೊಗ್ಗ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ: ಬಂದ್ ಬೇಡ ಸರ್. ನೀವು ಬಾಗಿಲು ಹಾಕಿದ ದಿನ ಗಿರಾಕಿ ಬಸ್ ಹತ್ತಿ ಶಿವಮೊಗ್ಗಕ್ಕೆ ಬರುತ್ತಾನೆ, ಅಷ್ಟೇ.

ನಮ್ಮ ಕಡೆ ದೊಡ್ಡ ಮಳಿಗೆಗಳು ಬಂದಾಗ ಹೋಗಿದ್ದು ಹುಡುಗರ ರೆಡಿಮೇಡ್ ವ್ಯಾಪಾರ. ಜೀನ್ಸ್, ಟೀ ಶರ್ಟ್ ಗಿರಾಕಿ ತಿರುಗಿ ಬರಲಿಲ್ಲ. ಮದುವೆ ಜವಳಿ ಉಳಿಯಿತು. ಹತ್ತು ಜನ ಒಟ್ಟಿಗೆ ಬಂದು, ಕೂತು, ಸೀರೆ ಬಿಚ್ಚಿಸಿ ನೋಡಿ, ಚೌಕಾಸಿ ಮಾಡಿ ಒಯ್ಯುವ ವ್ಯಾಪಾರ ಅದು. ಮಾಲ್‌ನಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಬ್ಲೌಸ್, ಫಾಲ್, ಕುಚ್ಚು ಎಲ್ಲ ಪಕ್ಕದ ಓಣಿಯಲ್ಲೇ ಆಗುತ್ತದೆ. ತೋಟದವರಿಗೆ ಅಡಿಕೆ ಮಾರಿದ ಮೇಲೆ ಕೊಡಿ ಅಂತ ಲೆಕ್ಕ ಬರೆದುಕೊಳ್ಳುತ್ತೇವೆ, ಅವರೂ ಮಾತು ಉಳಿಸಿಕೊಳ್ಳುತ್ತಾರೆ. ಈ ನಂಬಿಕೆ ನಮ್ಮ ಆಸ್ತಿ. ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ಅಮ್ಮ ಮೊದಲು ಕೂರುವುದು ಗಾಂಧಿ ಬಜಾರಿನಲ್ಲಿ. ಜನಕ್ಕೆ ಪೇಟೆಯ ಮೇಲೆ ಅಂಥ ಪ್ರೀತಿ ಇದೆ.

ಆದರೆ ಪ್ರೀತಿ ಇದ್ದವರಿಗೂ ಗಾಡಿ ನಿಲ್ಲಿಸಲು ಜಾಗ ಬೇಕು, ಹೆಂಗಸರಿಗೆ ಶುಚಿಯಾದ ಶೌಚಾಲಯ ಬೇಕು ಅಲ್ವಾ? ಹಳೇ ಪೇಟೆಯಲ್ಲಿ ಇವೆರಡೂ ಇಲ್ಲ ಅಂತ ಎಷ್ಟೋ ಗಿರಾಕಿಗಳು ನನಗೇ ಹೇಳಿದ್ದಾರೆ. ಶಾಪಿಂಗ್ ಸೆಂಟರ್ ಬೇಡ ಅನ್ನುವ ಮನವಿಯ ಜೊತೆಗೇ ಪೇಟೆಗೆ ಏನು ಬೇಕು ಅಂತ ಇನ್ನೊಂದು ಮನವಿ ಕೊಡಿ. ಅದಕ್ಕೆ ಗಿರಾಕಿಗಳ ಸಹಿ ಹಾಕಿಸಿ. ಎರಡನೆಯದು ಬೇಗ ಕೈಗೂಡುತ್ತದೆ.

ಹೂ ಮಾರುವ ಅಕ್ಕನ ಪರವಾಗಿ ಅವರ ಮಗಳು: ಅಮ್ಮ ಹೇಳಿದ್ದನ್ನು ಬರೆಯುತ್ತಿದ್ದೇನೆ. ವರ್ತಕರ ಸಂಘದ ಸಭೆಗೆ ರಸ್ತೆ ಬದಿಯವರನ್ನು ಯಾರೂ ಕರೆಯುವುದಿಲ್ಲ. ಶಾಪಿಂಗ್ ಸೆಂಟರ್ ಬಂದು ರಸ್ತೆ ಅಗಲ ಮಾಡಿದರೆ ಮೊದಲು ಏಳಬೇಕಾಗುವುದು ನಾವೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಅದೇ ಕಾಯ್ದೆಯಡಿ ಬರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಬೀದಿ ವ್ಯಾಪಾರಿಗಳೇ ಇರಬೇಕು. ನಿಮ್ಮ ಊರಿನಲ್ಲಿ ಆ ಸಮಿತಿ ಇದೆಯಾ ಕೇಳಿ. ನಮ್ಮನ್ನೂ ಸೇರಿಸಿಕೊಳ್ಳಿ, ನಿಮ್ಮ ಜೊತೆ ಬರುತ್ತೇವೆ.

ಅಂಗಡಿ ಕೆಲಸದ ಹುಡುಗಿ, ಭದ್ರಾವತಿ: ನನ್ನ ಮಾತು ಬೇಜಾರಾದರೆ ಕ್ಷಮಿಸಿ. ದೊಡ್ಡ ಮಳಿಗೆಗೆ ಸೇರಿದ ಮೇಲೆಯೇ ನನಗೆ ಪಿಎಫ್, ಇಎಸ್‌ಐ ಸಿಕ್ಕಿದ್ದು. ದಿನವಿಡೀ ನಿಂತಿರಬೇಕು, ಅದು ಕಷ್ಟ ಹೌದು. ಆದರೂ ಹಳೇ ಅಂಗಡಿಗೆ ವಾಪಸ್ ಹೋಗುವ ಮನಸ್ಸಿಲ್ಲ. ನಿಮ್ಮ ಅಂಗಡಿಯ ಹುಡುಗರು ಬಿಟ್ಟುಹೋಗಬಾರದು ಅಂದರೆ ವಾರದ ರಜೆ, ಸರಿಯಾದ ಸಂಬಳ ಈಗಲೇ ಕೊಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಬಂದ್ ಬೇಡ ಅಂತ ಸಂಘದಲ್ಲಿ ಹೇಳುತ್ತೇನೆ. ಹೂವಿನವರನ್ನೂ, ಕೆಳಗಿನ ಕೇರಿಯವರನ್ನೂ ಸಭೆಗೆ ಕರೆಯುತ್ತೇವೆ. ಆಕ್ಷೇಪಣೆ ಎಲ್ಲರೂ ಸೇರಿ ಒಂದೇ ಕೊಡಬೇಕಾ?

ಸಾಗರದ ಹಾರ್ಡ್‌ವೇರ್ ಅಂಗಡಿಯವರು: ಸಂಘದ್ದು ಒಂದು ಇರಲಿ. ಉಳಿದವರು ಬೇರೆ ಬೇರೆ ಕೊಡಿ, ಅವರವರ ತೊಂದರೆ ಅವರವರ ಮಾತಿನಲ್ಲೇ ಇರಲಿ. ಸರ್ವೆ ನಂಬರ್ ಮೊದಲ ಸಾಲಿನಲ್ಲೇ ಬರೆಯಿರಿ. ಎರಡು ಪ್ರತಿ ಒಯ್ದು ನಿಮ್ಮ ಪ್ರತಿಯ ಮೇಲೆ ದಿನಾಂಕದ ಸಮೇತ ಸೀಲ್ ಹಾಕಿಸಿಕೊಳ್ಳಿ.