ಎಸಿಸಿ ಮಹಿಳಾ ಫುಟ್‌ಬಾಲ್ ಟೂರ್ನಿ: ನಾರ್ತ್ ಕ್ಯಾರೊಲಿನಾದ 22 ಪ್ರಶಸ್ತಿಗಳ ತೂಕ ಎಷ್ಟು?

ಎಡಗಾಲು:
ಅಮೆರಿಕದ ಕಾಲೇಜು ಕ್ರೀಡೆಯನ್ನು ಗಮನಿಸುವವರಿಗೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಹೊಸದಲ್ಲ. 1953ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳ ಒಕ್ಕೂಟ. ಅದರ ಮಹಿಳಾ ಫುಟ್‌ಬಾಲ್ ಟೂರ್ನಿ ಶುರುವಾದದ್ದು 1988ರಲ್ಲಿ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಅದನ್ನು 22 ಬಾರಿ ಗೆದ್ದಿದೆ ಎಂಬ ಜಪ ಎಲ್ಲೆಲ್ಲೂ ಕೇಳಿಸುತ್ತದೆ. ನನ್ನ ತಕರಾರು ಇಷ್ಟೇ. ಆ 22ರಲ್ಲಿ 15 ಬಂದದ್ದು 1989ರಿಂದ 2003ರವರೆಗೆ, ಒಂದೂ ಬಿಡದೆ. ಆಗ ಎದುರಾಳಿಗಳೇ ಎಲ್ಲಿದ್ದರು? ಕ್ಲೆಮ್ಸನ್ ಮಹಿಳಾ ತಂಡ ಕಟ್ಟಿದ್ದು 1994ರಲ್ಲಿ, ಫ್ಲೋರಿಡಾ ಸ್ಟೇಟ್ 1995ರಲ್ಲಿ. 2011ರಿಂದ 2023ರವರೆಗಿನ 13 ಟೂರ್ನಿಗಳಲ್ಲಿ ಫ್ಲೋರಿಡಾ ಸ್ಟೇಟ್ 10 ಗೆದ್ದಿತಲ್ಲ, ನನ್ನ ಪ್ರಕಾರ ಅದೇ ದೊಡ್ಡ ಸಾಧನೆ.

ಕ್ಯಾರಿ ನಿವಾಸಿ:
ಎಸಿಸಿಯೊಳಗೆ ಎದುರಾಳಿ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ದೇಶದಲ್ಲೂ ಇರಲಿಲ್ಲವೇ? 1986ರಿಂದ 1994ರವರೆಗೆ ಸತತ ಒಂಬತ್ತು ರಾಷ್ಟ್ರೀಯ ಪ್ರಶಸ್ತಿಗಳು ಇದೇ ತಂಡದ ಪಾಲಾದವು. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ 18 ಆಟಗಾರ್ತಿಯರಲ್ಲಿ ಒಂಬತ್ತು ಮಂದಿ ಚಾಪೆಲ್ ಹಿಲ್‌ನವರು. ಏಪ್ರಿಲ್ ಹೈನ್ರಿಕ್ಸ್, ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ ಎಲ್ಲರೂ ಅಲ್ಲಿಂದ ಬಂದವರೇ. ಜಗತ್ತನ್ನೇ ಗೆದ್ದವರಿಗೆ ಪಕ್ಕದ ಊರಿನ ತಂಡವನ್ನು ಸೋಲಿಸಿದ್ದಕ್ಕೆ ಪ್ರಮಾಣಪತ್ರ ಬೇಕೇ?

ಎಡಗಾಲು:
ಆ ವಿಶ್ವಕಪ್ ತಂಡದ ತರಬೇತುದಾರರು ಯಾರು ಎಂಬುದನ್ನೂ ಹೇಳಿಬಿಡಿ. ಆನ್ಸನ್ ಡೊರೆನ್ಸ್! 1979ರಿಂದ ಚಾಪೆಲ್ ಹಿಲ್‌ನ ಮಹಿಳಾ ತಂಡ ಅವರದು, 1986ರಿಂದ 1994ರವರೆಗೆ ರಾಷ್ಟ್ರೀಯ ತಂಡವೂ ಅವರದೇ. ದೇಶಕ್ಕಾಗಿ ಆಡುವ ಕನಸಿರುವ ಹುಡುಗಿ ಯಾವ ಕಾಲೇಜಿನ ಬಾಗಿಲು ತಟ್ಟುತ್ತಾಳೆ? ಆಯ್ಕೆ ಮಾಡುವವರ ಮನೆಯಂಗಳದಲ್ಲೇ ಆಡಿದರೆ ಸಾಕಲ್ಲವೇ. ಬೇರೆ ಕಾಲೇಜುಗಳಿಗೆ ಉಳಿದವರು ಸಿಕ್ಕರು.

ಕ್ಯಾರಿ ನಿವಾಸಿ:
ಆ ವಿಶ್ವಕಪ್‌ನಲ್ಲಿ 10 ಗೋಲು ಹೊಡೆದವರು ಮಿಶೆಲ್ ಏಕರ್ಸ್. ಅವರು ಓದಿದ್ದು ಸೆಂಟ್ರಲ್ ಫ್ಲೋರಿಡಾದಲ್ಲಿ. ಮನೆಯಂಗಳದ ಹಂಗು ಅವರಿಗೆ ಬೇಕಾಗಲಿಲ್ಲ.

ಅಂಕಿಪಟ್ಟಿ:
ಇಬ್ಬರೂ ಬಿಟ್ಟ ಒಂದು ಸ್ವಾರಸ್ಯ ಹೇಳುತ್ತೇನೆ. ಮೊದಲ ಟೂರ್ನಿಯನ್ನು ಗೆದ್ದದ್ದು ನಾರ್ತ್ ಕ್ಯಾರೊಲಿನಾ ಅಲ್ಲ, ಅದೇ ರಾಜ್ಯದ ರಾಲಿ ನಗರದ ಇನ್ನೊಂದು ವಿಶ್ವವಿದ್ಯಾಲಯ ಎನ್‌ಸಿ ಸ್ಟೇಟ್. ಫೈನಲ್ ಸಮಬಲದಲ್ಲಿ ಮುಗಿದು ಪೆನಾಲ್ಟಿ ಒದೆತಗಳಲ್ಲಿ ತೀರ್ಮಾನವಾಯಿತು. ಆದರೆ ಕಾಲೇಜು ಫುಟ್‌ಬಾಲ್‌ನ ದಾಖಲೆಯಲ್ಲಿ ಪೆನಾಲ್ಟಿಗೆ ಹೋದ ಪಂದ್ಯವೆಂದರೆ ಡ್ರಾ. ಹೀಗಾಗಿ ಕಪ್ ರಾಲಿಗೆ ಹೋಯಿತು, ನಾರ್ತ್ ಕ್ಯಾರೊಲಿನಾದ 1988ರ ಲೆಕ್ಕ 18 ಗೆಲುವು, 3 ಡ್ರಾ, ಸೋಲು ಸೊನ್ನೆ ಎಂದೇ ಉಳಿಯಿತು. 1986ರಲ್ಲಿ ಶುರುವಾಗಿ 1990ರಲ್ಲಿ ಕನೆಕ್ಟಿಕಟ್ ಎದುರು ಮುರಿದ 103 ಪಂದ್ಯಗಳ ಅಜೇಯ ಸರಣಿಯ ಒಳಗೇ ಈ ಫೈನಲ್ ಕೂಡ ಸೇರಿದೆ. 1988ರ ರಾಷ್ಟ್ರೀಯ ಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಮತ್ತೆ ಎದುರಾದಾಗ ನಾರ್ತ್ ಕ್ಯಾರೊಲಿನಾ ಪೆನಾಲ್ಟಿಗೆ ಅವಕಾಶ ಕೊಡದೆ ಗೆದ್ದಿತು.

2004ರದೂ ಇದೇ ಕಥೆ. 15 ವರ್ಷಗಳ ಓಟವನ್ನು ವರ್ಜೀನಿಯಾ ನಿಲ್ಲಿಸಿದ್ದು ಪೆನಾಲ್ಟಿಯಲ್ಲಿ. 1988ರಿಂದ 2009ರವರೆಗಿನ 22 ಟೂರ್ನಿಗಳಲ್ಲಿ ನಾರ್ತ್ ಕ್ಯಾರೊಲಿನಾದ ಕೈತಪ್ಪಿದ್ದು ಈ ಎರಡೇ. ದಾಖಲೆ ಪುಸ್ತಕದ ಪ್ರಕಾರ ಎರಡರಲ್ಲೂ ಅದು ಸೋತಿಲ್ಲ.

ದೈಹಿಕ ಶಿಕ್ಷಕ, ದಾವಣಗೆರೆ:
ಇದೆಂಥ ನ್ಯಾಯ ಸ್ವಾಮಿ! ಎದುರಿನವರು ಕಪ್ ಎತ್ತಿಕೊಂಡು ಕುಣಿಯುತ್ತಿದ್ದರೂ ನಾವು ಸೋತಿಲ್ಲವೆಂದು ಬರೆದುಕೊಳ್ಳುವುದೇ? ಇನ್ನೊಂದು ಅನುಮಾನ. ಲೀಗ್ ಪಂದ್ಯಗಳಲ್ಲೇ ಯಾರು ಮೇಲು ಎಂದು ತಿಳಿದಿರುವಾಗ ಮತ್ತೆ ನಾಕೌಟ್ ಟೂರ್ನಿ ಯಾಕೆ? ನಮ್ಮ ಅಂತರ ವಿಶ್ವವಿದ್ಯಾಲಯ ಫುಟ್‌ಬಾಲ್‌ನಲ್ಲಿ ದಕ್ಷಿಣ ವಲಯದಲ್ಲಿ ಆಡಿ ಅರ್ಹತೆ ಪಡೆದರೆ ಅಖಿಲ ಭಾರತ ಹಂತ. ಅಲ್ಲಿಗೆ ಮುಗಿಯಿತು.

ಅಂಕಿಪಟ್ಟಿ:
ಸರ್, ಟೂರ್ನಿ ಗೆದ್ದವರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ನೇರ ಪ್ರವೇಶವಿದೆ. ಸಣ್ಣ ಕಾನ್ಫರೆನ್ಸ್‌ಗಳಲ್ಲಿ ಬಹುಪಾಲು ತಂಡಗಳಿಗೆ ಅದೊಂದೇ ದಾರಿ. ಎಸಿಸಿಯಲ್ಲಿ ಸೋತ ತಂಡಗಳನ್ನೂ ಆಯ್ಕೆ ಸಮಿತಿ ಕರೆಯುತ್ತದೆ. 2024ರಲ್ಲಿ ರಾಷ್ಟ್ರೀಯ ಸೆಮಿಫೈನಲ್ ತಲುಪಿದ ನಾಲ್ಕೂ ತಂಡಗಳು ಎಸಿಸಿಯವು: ನಾರ್ತ್ ಕ್ಯಾರೊಲಿನಾ, ಡ್ಯೂಕ್, ವೇಕ್ ಫಾರೆಸ್ಟ್, ಸ್ಟ್ಯಾನ್‌ಫರ್ಡ್.

ಪೆನಾಲ್ಟಿಯ ನಿಯಮಕ್ಕೆ ಬೈಯುವುದಾದರೆ ಫ್ಲೋರಿಡಾ ಸ್ಟೇಟ್‌ಗೂ ಬೈಯಿರಿ. ಕೋವಿಡ್‌ನಿಂದಾಗಿ 2021ರ ಮೇ ತಿಂಗಳಿಗೆ ಸರಿದ ರಾಷ್ಟ್ರೀಯ ಫೈನಲ್‌ನಲ್ಲಿ ಸಾಂತಾ ಕ್ಲಾರಾ ಅವರಿಂದ ಪ್ರಶಸ್ತಿ ಕಸಿದುಕೊಂಡಿತು. ಅದೂ ಪೆನಾಲ್ಟಿಯಲ್ಲೇ, ಹಾಗಾಗಿ ದಾಖಲೆಯಲ್ಲಿ ಡ್ರಾ.

ಶ್ಯಾಮಲಾ:
ಎದುರಾಳಿಗಳು ಯಾಕೆ ಇರಲಿಲ್ಲ, ಆಮೇಲೆ ಎಲ್ಲಿಂದ ಬಂದರು ಎಂಬುದನ್ನು ಯಾರೂ ಕೇಳುತ್ತಿಲ್ಲವಲ್ಲ. 1972ರ ಟೈಟಲ್ ನೈನ್ ಕಾನೂನು ಶಿಕ್ಷಣದಲ್ಲಿ ಲಿಂಗ ತಾರತಮ್ಯ ಕೂಡದು ಎಂದಿತು. ಅದರ ಮೂಲ ವಾಕ್ಯದಲ್ಲಿ ಕ್ರೀಡೆಯ ಮಾತೇ ಇಲ್ಲ. ಆದರೆ ಅಮೆರಿಕನ್ ಫುಟ್‌ಬಾಲ್‌ಗೆ ಗಂಡುಮಕ್ಕಳ ದೊಡ್ಡ ಪಡೆಯನ್ನೇ ಸಾಕುತ್ತಿದ್ದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳ ಪಾಲನ್ನೂ ಎಲ್ಲಾದರೂ ತೋರಿಸಬೇಕಿತ್ತು. ಹೆಚ್ಚು ಮಂದಿ ಆಡುವ, ಕಡಿಮೆ ಖರ್ಚಿನ ಮಹಿಳಾ ಫುಟ್‌ಬಾಲ್ ಅವರ ಕೈಗೆ ಸಿಕ್ಕಿತು. ಬಹುಕಾಲ ಮಹಿಳಾ ತಂಡಕ್ಕೆ 14 ವಿದ್ಯಾರ್ಥಿವೇತನಗಳ ಮಿತಿಯಿದ್ದರೆ ಪುರುಷರ ತಂಡಕ್ಕೆ 9.9 ಇತ್ತು. ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ 1982ರಲ್ಲಿ ನಡೆಸಿದ ಮೊದಲ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಆಡಿದ್ದು 12 ತಂಡಗಳು. 2001ರಿಂದ 64.

ಹಾಗಾಗಿ ಎಡಗಾಲು ಅವರೇ, ಆಗ ಮೈದಾನ ಬಿಕೋ ಎನ್ನುತ್ತಿತ್ತು ಎಂಬ ನಿಮ್ಮ ಮಾತು ನಿಜ. ಆದರೆ ಅದಕ್ಕೆ ಹೊಣೆ ತಂಡ ಕಟ್ಟದೆ ಕೂತವರು. ಬೇಗ ಎದ್ದು ಬಂದವರ ಅಂಕ ಕಳೆಯುವುದು ಯಾವ ಲೆಕ್ಕ? ಡೊರೆನ್ಸ್ 1988ರವರೆಗೆ ಅಲ್ಲಿನ ಪುರುಷರ ತಂಡವನ್ನೂ ನಡೆಸುತ್ತಿದ್ದರು. ಒಬ್ಬರೇ ಎರಡು ತಂಡಗಳನ್ನು ನೋಡಿಕೊಳ್ಳುವಷ್ಟು ಬಡತನದ ಕಾಲ ಅದು.

ಎಡಗಾಲು:
ಶ್ಯಾಮಲಾ ಮೇಡಂ, ಅಂಕ ಕಳೆಯಿರಿ ಎನ್ನುತ್ತಿಲ್ಲ, ಎರಡು ಕಾಲಗಳನ್ನು ಒಂದೇ ಮೊತ್ತದಲ್ಲಿ ಕೂಡಿಸಬೇಡಿ ಎನ್ನುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ಅವರನ್ನು ನಿಜವಾಗಿ ಕಾಡಿದವರು ಎಸಿಸಿಯ ಹೊರಗಿದ್ದರು. 92 ಪಂದ್ಯಗಳ ಗೆಲುವಿನ ಸರಣಿಯನ್ನು 1994ರಲ್ಲಿ ಗೋಲಿಲ್ಲದ ಡ್ರಾದಿಂದ ನಿಲ್ಲಿಸಿದ್ದು ನೋಟರ್ ಡೇಮ್. ಮರುವರ್ಷದ ರಾಷ್ಟ್ರೀಯ ಪ್ರಶಸ್ತಿಯೂ ಅದಕ್ಕೇ. ಆ ನೋಟರ್ ಡೇಮ್ ಎಸಿಸಿಗೆ ಸೇರಿದ್ದು 2013ರಲ್ಲಿ. ಅಲ್ಲಿಂದ 2023ರವರೆಗಿನ 11 ಟೂರ್ನಿಗಳಲ್ಲಿ ಫ್ಲೋರಿಡಾ ಸ್ಟೇಟ್ 9, ನಾರ್ತ್ ಕ್ಯಾರೊಲಿನಾ 2. ಬೇರೆ ಯಾರಿಗೂ ಇಲ್ಲ. ಅಷ್ಟೇ ಅಲ್ಲ, ನಾರ್ತ್ ಕ್ಯಾರೊಲಿನಾದ 22 ಕೂಡ ಒಬ್ಬರೇ ತರಬೇತುದಾರರ ಕೈಯಲ್ಲಿ ಬಂದವು. ಫ್ಲೋರಿಡಾ ಸ್ಟೇಟ್‌ನಲ್ಲಿ ಮಾರ್ಕ್ ಕ್ರಿಕೋರಿಯನ್ 2022ರಲ್ಲಿ ಬಿಟ್ಟುಹೋದ ಮೇಲೂ ಬ್ರಯಾನ್ ಪೆನ್ಸ್ಕಿ ಬಂದು ಗೆಲ್ಲಿಸಿದರು.

ಕ್ಯಾರಿ ನಿವಾಸಿ:
ಅದನ್ನೇ ತಿರುಗಿಸಿ ನೋಡಿ. ಡೊರೆನ್ಸ್ 2024ರ ಆಗಸ್ಟ್‌ನಲ್ಲಿ, ಋತು ಶುರುವಾಗುವ ಹೊತ್ತಿಗೆ, ನಿವೃತ್ತರಾದರು. ಹಂಗಾಮಿಯಾಗಿ ಬಂದ ಡೇಮನ್ ನಾಹಾಸ್ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಫೈನಲ್ ನಡೆದದ್ದು ನಮ್ಮ ಕ್ಯಾರಿಯಲ್ಲೇ.

ಆದರೆ ಎಡಗಾಲು ಅವರಿಗೆ ಒಂದು ಅಸ್ತ್ರವನ್ನು ನಾನೇ ಕೊಡುತ್ತೇನೆ. ಎಸಿಸಿ ಟೂರ್ನಿಯೂ ಮತ್ತೆ ಮತ್ತೆ ಕ್ಯಾರಿಗೇ ಬರುತ್ತದೆ. ಇಲ್ಲಿಂದ ಚಾಪೆಲ್ ಹಿಲ್ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಗ್ಯಾಲರಿಯಲ್ಲಿ ಬಹುಪಾಲು ನಾರ್ತ್ ಕ್ಯಾರೊಲಿನಾದ ತಿಳಿನೀಲಿ ಅಂಗಿಗಳೇ. ಫ್ಲೋರಿಡಾ ಸ್ಟೇಟ್‌ನವರು ತಮ್ಮ ಊರು ತಲ್ಲಹಾಸಿಯಿಂದ ನೂರಾರು ಕಿಲೋಮೀಟರ್ ದೂರ ಬಂದು ಆ ನೀಲಿಯ ನಡುವೆ ಗೆದ್ದು ಹೋಗುವುದು ಸಣ್ಣ ಮಾತಲ್ಲ. 2022ರ ಫೈನಲ್‌ನಲ್ಲಿ ಅವರು ನಾರ್ತ್ ಕ್ಯಾರೊಲಿನಾವನ್ನೇ ಸೋಲಿಸಿದರು. ನನಗೆ ಇಷ್ಟವಾಗಲಿಲ್ಲ, ಆದರೆ ಆಟ ಅವರದಾಗಿತ್ತು.

ದೈಹಿಕ ಶಿಕ್ಷಕ, ದಾವಣಗೆರೆ:
ನೂರಾರು ಕಿಲೋಮೀಟರ್ ಎನ್ನುತ್ತೀರಿ. 2024ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಕ್ಯಾಲ್ ತಂಡಗಳೂ ಇದೇ ಕಾನ್ಫರೆನ್ಸ್‌ಗೆ ಸೇರಿವೆ ಎಂದು ಓದಿದೆ. ಹೆಸರು ಅಟ್ಲಾಂಟಿಕ್, ಆಡುವವರು ಪೆಸಿಫಿಕ್ ತೀರದವರು! ಆ ಮಕ್ಕಳು ಪಾಠ ಕೇಳುವುದು ಯಾವಾಗ?

ಅಂಕಿಪಟ್ಟಿ:
ಆ ನಿರ್ಧಾರ ಅಮೆರಿಕನ್ ಫುಟ್‌ಬಾಲ್‌ನ ಟಿವಿ ಹಣದ್ದು, ಸರ್. ಮಹಿಳಾ ಫುಟ್‌ಬಾಲ್‌ನವರನ್ನು ಯಾರೂ ಕೇಳಿರಲಿಕ್ಕಿಲ್ಲ. ಆದರೆ ಸ್ಟ್ಯಾನ್‌ಫರ್ಡ್ 2011, 2017, 2019ರ ರಾಷ್ಟ್ರೀಯ ಚಾಂಪಿಯನ್. ಟೂರ್ನಿ ಇನ್ನಷ್ಟು ಕಠಿಣವಾಗಿದೆ.

ಎಡಗಾಲು:
ಹಾಗಾದರೆ ನನ್ನ ಬೇಡಿಕೆ ಸರಳ. ನಾರ್ತ್ ಕ್ಯಾರೊಲಿನಾದ ಹೆಸರಿನ ಮುಂದೆ 22 ಎಂದು ಬರೆಯುವ ಬದಲು 2009ರವರೆಗೆ 20, ಆಮೇಲೆ 2 ಎಂದು ಬರೆಯಿರಿ.

ಶ್ಯಾಮಲಾ:
ಬರೆಯೋಣ. ಪಕ್ಕದ ಸಾಲಿನಲ್ಲಿ ಫ್ಲೋರಿಡಾ ಸ್ಟೇಟ್, 2009ರವರೆಗೆ ಸೊನ್ನೆ ಎಂದೂ ಬರೆಯಬೇಕಾಗುತ್ತದೆ. ಒಪ್ಪಿಗೆಯೇ?

ಎಡಗಾಲು:
ಒಪ್ಪಿಗೆ. ತಂಡ ಶುರುವಾದ ವರ್ಷವನ್ನೂ ಅದೇ ಸಾಲಿನಲ್ಲಿ ಬರೆಯಿರಿ.