ಹಳೇ ಬ್ಯಾಟಲ್‌ಶಿಪ್ ಮಾರಿದ ಮೇಲೆ ಟನ್ ಲೆಕ್ಕ ತಾಳೆ ಆಗ್ತಿಲ್ಲ, ಯಾರಾದರೂ ದಾರಿ ಹೇಳಿ

ಪ್ರಶ್ನೆ, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಸೇರಿ ಒಂದು ನೌಕಾಯುದ್ಧದ ಆಟ ಆಡುತ್ತಿದ್ದೇವೆ. ಆಟ 1906ರಿಂದ ಶುರು, ಅಲ್ಲಿಂದ ಮುಂದಿನ ಇತಿಹಾಸ ಆಡುವವರ ಕೈಯಲ್ಲಿ. ಒಂದು ಸುತ್ತು ಅಂದರೆ ಮೂರು ತಿಂಗಳು. ಭಾನುವಾರ ಸಂಜೆ ಬಿ.ಎಂ. ರಸ್ತೆ ಹತ್ತಿರ ನಮ್ಮ ಮನೆ ಮಹಡಿಯಲ್ಲಿ ಸೇರುತ್ತೇವೆ, ಮಳೆ ಜೋರಾದರೆ ಸಕಲೇಶಪುರದ ಇಬ್ಬರು ಫೋನಿನಲ್ಲೇ ಆಡುತ್ತಾರೆ. ಹಡಗು, ಟನ್, ಖರ್ಚು ಎಲ್ಲಾ ಒಂದೇ ಗೂಗಲ್ ಶೀಟಿನಲ್ಲಿದೆ.

ನಾನು ಬ್ರಿಟನ್. ಡ್ರೆಡ್‌ನಾಟ್‌ಗಳು, ಅಂದರೆ 1906ರಿಂದ ಬಂದ ಹೊಸ ಮಾದರಿಯ ದೊಡ್ಡ ಬ್ಯಾಟಲ್‌ಶಿಪ್‌ಗಳು, ಬಂದ ಮೇಲೆ ಹಳೇ ಬ್ಯಾಟಲ್‌ಶಿಪ್‌ಗಳಿಗೆ ಕೆಲಸ ಇಲ್ಲ, ಖರ್ಚು ಮಾತ್ರ ಪ್ರತಿ ಸುತ್ತೂ ತಪ್ಪಲ್ಲ. ಅದಕ್ಕೇ 30ನೇ ಸುತ್ತಿನಲ್ಲಿ, ಅಂದರೆ ಆಟದ 1913ರಲ್ಲಿ, ತಲಾ 13,000 ಟನ್ನಿನ ಎರಡು ಹಡಗನ್ನು ಗ್ರೀಸ್‌ಗೆ ಮಾರಿದೆ. ಮಾಲೀಕ ಅನ್ನೋ ಕಾಲಮ್ಮಿನಲ್ಲಿ ಬ್ರಿಟನ್ ಅಳಿಸಿ ಗ್ರೀಸ್ ಅಂತ ಬರೆದೆ, ಅಷ್ಟೇ. ಈಗ ನೋಡಿದರೆ ನನ್ನ ಒಟ್ಟು ಟನ್ ಚೂರೂ ಇಳಿದಿಲ್ಲ. ಗ್ರೀಸ್‌ಗೆ ಎರಡು ಸೇರಬೇಕಿತ್ತು, ಒಂದೇ ಸೇರಿದೆ. ಮುಗಿದುಹೋದ 28, 29ನೇ ಸುತ್ತಿನ ಖರ್ಚೂ ಬದಲಾಗಿ ಕೂತಿದೆ.

ಇದರ ಮೇಲೆ ಗ್ರೀಸ್ ಆಡುವವನು ಅದೇ ಸಂಜೆ ಆ ಹಡಗುಗಳನ್ನು ಏಜಿಯನ್ ಸಮುದ್ರಕ್ಕೆ ಇಳಿಸಿ ಟರ್ಕಿಯನ್ನು ಸೋಲಿಸಿಬಿಟ್ಟ. ಟರ್ಕಿ ಆಡುವವನಿಗೆ ತುಂಬಾ ಬೇಜಾರಾಗಿದೆ, ಒಂದು ವಾರದಿಂದ ಗುಂಪಿನಲ್ಲಿ ಮಾತೇ ಇಲ್ಲ. ಏಳು ತಿಂಗಳಿಂದ ಆಡಿಕೊಂಡು ಬಂದ ಆಟ, ಇಲ್ಲಿಗೇ ನಿಂತರೆ ಹೊಟ್ಟೆ ಉರಿಯುತ್ತದೆ.

ಉತ್ತರ, ಚಿಕ್ಕಮಗಳೂರಿನಿಂದ

ಅಣ್ಣ, ಶೀಟು ಕೆಟ್ಟಿಲ್ಲ. ನಿಮ್ಮ ಒಟ್ಟು ಟನ್ನಿನ ಸಮ್‌ಇಫ್ (ಷರತ್ತಿಗೆ ಹೊಂದುವ ಸಾಲುಗಳನ್ನು ಮಾತ್ರ ಕೂಡುವ ಸೂತ್ರ) ಯಾವ ಕಾಲಮ್ ನೋಡುತ್ತಿದೆ ಅಂತ ತೆಗೆದು ನೋಡಿ. ಅದು ಹಡಗು ಕಟ್ಟಿದ ದೇಶದ ಕಾಲಮ್ ನೋಡುತ್ತಿರಬೇಕು. ಇಲ್ಲೀವರೆಗೆ ಕಟ್ಟಿದವರೇ ಮಾಲೀಕರಾಗಿದ್ದರಿಂದ ತಪ್ಪು ಗೊತ್ತಾಗಿಲ್ಲ, ಮೊದಲ ಮಾರಾಟ ಆದ ಕೂಡಲೇ ಹೊರಗೆ ಬಂತು.

ಆದರೆ ಅದೊಂದನ್ನೇ ಸರಿ ಮಾಡಿದರೆ ಸಾಲದು. ಹೆಸರು ಅಳಿಸಿ ಬರೆದರೆ ಆ ಹಡಗು 1906ರಿಂದಲೂ ಗ್ರೀಸಿನದ್ದೇ ಅಂತ ಶೀಟು ತಿಳಿದುಕೊಳ್ಳುತ್ತದೆ, ಹಳೇ ಸುತ್ತಿನ ಖರ್ಚು ಬದಲಾಗಿದ್ದು ಅದಕ್ಕೇ. ನಮ್ಮ ತೋಟದ ಹಳೇ ಜೀಪು ಮಾರಿದಾಗ ಇದನ್ನೇ ಅನುಭವಿಸಿದೆವು. ದುಡ್ಡು ಕೈಗೆ ಬಂದ ದಿನ ಬೇರೆ, ಗಾಡಿ ಒಯ್ದ ದಿನ ಬೇರೆ, ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಬೇರೆ. ಆ ನಡುವೆ ಆಲ್ದೂರಿನ ಹತ್ತಿರ ಜೀಪು ಒಂದು ಸ್ಕೂಟರಿಗೆ ತಾಗಿತು, ಫೋನು ಬಂದಿದ್ದು ನಮ್ಮ ಅಪ್ಪನಿಗೆ. ಹಡಗಿಗೂ ಹಾಗೇ ದಿನ ಬರೆದಿಡಬೇಕು.

ಬಂದ ಸುತ್ತು, ಹೋದ ಸುತ್ತು ಅಂತ ಎರಡು ಕಾಲಮ್ ಸೇರಿಸಿ. ಮಾರಿದ ಹಡಗಿಗೆ ಎರಡು ಸಾಲು ಇರಲಿ. ಒಪ್ಪಂದ 30ರಲ್ಲಿ ಆಯಿತು, ಹಡಗು ಕೈ ಬದಲಾಗೋದು ಮುಂದಿನ ಸುತ್ತಿನಲ್ಲಿ ಅಂತ ಇಟ್ಟುಕೊಳ್ಳಿ: ಬ್ರಿಟನ್ ಸಾಲಿನಲ್ಲಿ ಹೋದ ಸುತ್ತು 31, ಗ್ರೀಸ್ ಸಾಲಿನಲ್ಲಿ ಬಂದ ಸುತ್ತು 31. ಆಮೇಲೆ ಸಮ್‌ಇಫ್ಸ್ (ಒಂದಕ್ಕಿಂತ ಹೆಚ್ಚು ಷರತ್ತು ಹಾಕಬಹುದಾದ ಸಮ್‌ಇಫ್) ಹಾಕಿ: ದೇಶ ಅದೇ ಆಗಿರಬೇಕು, ಬಂದ ಸುತ್ತು ಈಗಿನ ಸುತ್ತಿಗೆ ಸಮ ಅಥವಾ ಕಮ್ಮಿ ಇರಬೇಕು, ಹೋದ ಸುತ್ತು ಈಗಿನದ್ದಕ್ಕಿಂತ ಜಾಸ್ತಿ ಇರಬೇಕು. ಖರ್ಚಿಗೂ ಇದೇ ಸೂತ್ರ.

ಹಾಸನದಿಂದ

ನೀವು ಹೇಳಿದ್ದು ನಿಜ, ಕಟ್ಟಿದ ದೇಶದ ಕಾಲಮ್ಮೇ ಇತ್ತು. ಸಮ್‌ಇಫ್ಸ್ ಹಾಕಿದೆ. ಆದರೆ ಈಗ ಎಲ್ಲಾ ದೇಶಕ್ಕೂ ಸೊನ್ನೆ ಬರುತ್ತಿದೆ! ಬ್ರಿಟನ್‌ಗೆ ಮಾತ್ರ 26,000, ಅದೂ ಮಾರಿದ ಎರಡು ಹಡಗಿನದ್ದು. ಉಳಿದ ನೌಕಾಪಡೆ ಪೂರ್ತಿ ಮಾಯ.

ಉತ್ತರ, ಮೂಡಿಗೆರೆಯಿಂದ

ಮಾರದ ಹಡಗುಗಳ ಹೋದ ಸುತ್ತನ್ನು ಖಾಲಿ ಬಿಟ್ಟಿದ್ದೀರಿ ಅಲ್ವಾ? ಶೀಟಿನ ಖಾಲಿ ಮನೆಯನ್ನು ಸಮ್‌ಇಫ್ಸ್ 30ಕ್ಕಿಂತ ಜಾಸ್ತಿ ಅಂತ ಲೆಕ್ಕ ಹಾಕಲ್ಲ. ಅಲ್ಲೆಲ್ಲಾ 999 ತುಂಬಿಸಿ, ಇನ್ನೂ ಹೋಗಿಲ್ಲ ಅನ್ನೋ ಅರ್ಥದಲ್ಲಿ.

ಗ್ರೀಸ್‌ಗೆ ಒಂದೇ ಹಡಗು ಸೇರಿದ್ದು ಬೇರೆ ಕಾರಣಕ್ಕೆ ಅನ್ನಿಸುತ್ತದೆ. ಎರಡೂ ಸಾಲಿನ ದೇಶದ ಹೆಸರಿಗೆ ಲೆನ್ (ಅಕ್ಷರ, ಗುರುತುಗಳನ್ನು ಎಣಿಸುವ ಸೂತ್ರ) ಹಾಕಿ ನೋಡಿ. ಗ್ರೀಸ್ ಅಂದರೆ 6 ಬರಬೇಕು. ಒಂದರಲ್ಲಿ 7 ಬಂದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಅಕ್ಷರ ಕೂತಿದೆ ಅಂತ ಅರ್ಥ. ಗ್ರೀಸ್‌ನ ಅಂತ ಬರೆದು ನ ಅಳಿಸಿದರೆ, ಒತ್ತಕ್ಷರ ಆಗದ ಹಾಗೆ ತಡೆಯುವ ಗುರುತು ಹಿಂದೆಯೇ ಉಳಿದುಬಿಡುತ್ತದೆ. ನೋಡೋಕೆ ಎರಡೂ ಒಂದೇ, ಶೀಟಿಗೆ ಎರಡು ಬೇರೆ ದೇಶ. ಕನ್ನಡದಲ್ಲಿ ಶೀಟು ಮಾಡುವವರು ದೇಶದ ಹೆಸರಿಗೆ ಡ್ರಾಪ್‌ಡೌನ್, ಅಂದರೆ ಆರಿಸಿಕೊಳ್ಳುವ ಪಟ್ಟಿ, ಇಟ್ಟುಬಿಡಿ, ಕೈಯಲ್ಲಿ ಟೈಪ್ ಮಾಡೋದೇ ಬೇಡ.

ಉತ್ತರ, ಚಿಕ್ಕಮಗಳೂರಿನಿಂದ

ಇನ್ನು ಯುದ್ಧದ ವಿಷಯ. ನಿಜವಾಗಿ ಜಗಳ ಆಗಿರೋದು ಅಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಮಾರಾಟ ನಿಜ ಇತಿಹಾಸದಲ್ಲೂ ಹೆಚ್ಚುಕಮ್ಮಿ ಹೀಗೇ ಆಗಿದೆ, ಮಾರಿದ್ದು ಮಾತ್ರ ಅಮೆರಿಕ. ಮಿಸಿಸಿಪ್ಪಿ, ಐಡಹೋ ಅನ್ನೋ ತಲಾ 13,000 ಟನ್ನಿನ ಬ್ಯಾಟಲ್‌ಶಿಪ್‌ಗಳು 1914ರ ಜುಲೈನಲ್ಲಿ ಗ್ರೀಸ್ ಕೈಗೆ ಹೋದವು, ಕಿಲ್ಕಿಸ್, ಲೆಮ್ನೋಸ್ ಅಂತ ಹೆಸರೂ ಬದಲಾಯಿತು. ಸೇವೆಗೆ ಬಂದು ಆರೇ ವರ್ಷ ಆಗಿತ್ತು, ಆದರೆ ವೇಗ ಬರೀ 17 ನಾಟ್, ಅಮೆರಿಕಕ್ಕೆ ಬೇಡವಾಗಿದ್ದವು. ಗ್ರೀಸ್‌ಗೆ ಅಷ್ಟು ಅವಸರ ಯಾಕೆ ಅಂದರೆ ಟರ್ಕಿ ಒಂದು ದೈತ್ಯ ಹಡಗು ಕೊಂಡಿತ್ತು. ಬ್ರೆಜಿಲ್ ತನಗಾಗಿ ಇಂಗ್ಲೆಂಡಿನಲ್ಲಿ ಕಟ್ಟಿಸುತ್ತಿದ್ದ ರಿಯೊ ಡಿ ಜನೈರೊ ಅದು, ಏಳು ಟರೆಟ್ (ತೋಪು ಕೂರಿಸುವ ತಿರುಗುವ ಗೋಪುರ), 12 ಇಂಚಿನ 14 ತೋಪು. ಟರ್ಕಿ ದುಡ್ಡು ಕೊಟ್ಟಾಗಿತ್ತು, ಸುಲ್ತಾನ್ ಉಸ್ಮಾನ್ ಅಂತ ಹೆಸರಿಟ್ಟಾಗಿತ್ತು, ಒಯ್ಯಲು ನಾವಿಕರೂ ಬಂದು ಕಾಯುತ್ತಿದ್ದರು. 1914ರ ಆಗಸ್ಟಿನಲ್ಲಿ ಬ್ರಿಟನ್ ಅದನ್ನು ತಾನೇ ಇಟ್ಟುಕೊಂಡಿತು, ಅಜಿನ್‌ಕೋರ್ಟ್ ಅಂತ ಮಾಡಿಕೊಂಡಿತು. ಕೊಂಡಿದ್ದು ಟರ್ಕಿ, ಹಡಗು ಬ್ರಿಟನ್ನಿನದ್ದು. ಒಪ್ಪಂದದ ದಿನಕ್ಕೂ ಹಸ್ತಾಂತರದ ದಿನಕ್ಕೂ ನಡುವೆ ಏನು ಬೇಕಾದರೂ ಆಗಬಹುದು, ಆಟದ ಸ್ವಾರಸ್ಯ ಇರೋದೇ ಆ ನಡುವಿನ ದಿನಗಳಲ್ಲಿ.

ನಮ್ಮ ಮೈಸೂರು ಅನ್ನೋ ಹಡಗನ್ನೇ ನೋಡಿ. ಬ್ರಿಟನ್ನಿನ ನೈಜೀರಿಯಾ ಅನ್ನೋ ಕ್ರೂಸರನ್ನು ಭಾರತ ಕೊಂಡಿದ್ದು 1954ರಲ್ಲಿ, ರಿಪೇರಿ ಮುಗಿದು ಐಎನ್‌ಎಸ್ ಮೈಸೂರು ಆಗಿ ಸೇವೆಗೆ ಬಂದಿದ್ದು 1957ರಲ್ಲಿ. ನಮ್ಮ ಹಳೇ ವಿಮಾನವಾಹಕ ನೌಕೆ ವಿಕ್ರಾಂತ್ ಬ್ರಿಟನ್ ಅರ್ಧ ಕಟ್ಟಿ ನಿಲ್ಲಿಸಿದ್ದ ಹಡಗು, 1957ರಲ್ಲಿ ಕೊಂಡರೂ ಸೇವೆಗೆ ಬಂದಿದ್ದು 1961ರಲ್ಲಿ.

ಅದಕ್ಕೆ ಇನ್ನೊಂದು ಕಾಲಮ್ ಇಡಿ, ಯುದ್ಧಕ್ಕೆ ಸಿದ್ಧವಾಗುವ ಸುತ್ತು. ಓಡುತ್ತಿರುವ ಹಡಗಾದರೆ ಕೈಗೆ ಬಂದ ಮೇಲೆ ಎರಡು ಸುತ್ತು ಸಾಕು. ಹೊಸ ನಾವಿಕರು ಆ ಎಂಜಿನ್, ಆ ತೋಪು ಕಲಿಯಬೇಡವೇ? ರಿಪೇರಿ ಬೇಕಿದ್ದರೆ ಜಾಸ್ತಿ ಇಡಿ. ಬೆಲೆ ಗುಜರಿ ಬೆಲೆಗಿಂತ ಕೆಳಗೆ ಇಳಿಯದಿರಲಿ, ಇಲ್ಲದಿದ್ದರೆ ಗೆಳೆಯನಿಗೆ ಒಂದು ಕಾಸಿಗೆ ಮಾರುವವರು ಬಂದೇ ಬರುತ್ತಾರೆ. ಮುಂದೆ ನೌಕಾಪಡೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದಂಥದ್ದು ನಿಮ್ಮ ಆಟದಲ್ಲೂ ಬಂದರೆ ಅದರ 18ನೇ ವಿಧಿಯನ್ನು ಮರೆಯಬೇಡಿ. ಸಹಿ ಹಾಕಿದ ಐದು ದೇಶಗಳು ಯುದ್ಧನೌಕೆಯನ್ನು ಇನ್ನೊಂದು ನೌಕಾಪಡೆಗೆ ಮಾರುವ ಹಾಗೂ ಇರಲಿಲ್ಲ, ದಾನ ಕೊಡುವ ಹಾಗೂ ಇರಲಿಲ್ಲ. ಮಾರೋದಿದ್ದರೆ ಅದಕ್ಕೆ ಮುಂಚೆಯೇ ಮಾರಬೇಕು.

ಹಾಸನದಿಂದ

999 ತುಂಬಿಸಿದೆ, ಎಲ್ಲಾ ದೇಶದ ಲೆಕ್ಕ ವಾಪಸ್ ಬಂತು. ಲೆನ್ ಹಾಕಿದರೆ ಎರಡನೇ ಹಡಗಿಗೆ 7 ಅಂತಲೇ ಬಂತು, ಆ ಹೆಸರನ್ನು ನಾನು ಫೋನಿನಲ್ಲಿ ತಿದ್ದಿದ್ದೆ. ಡ್ರಾಪ್‌ಡೌನ್ ಇಟ್ಟೆ. ಈಗ 31ನೇ ಸುತ್ತಿಗೆ ಗ್ರೀಸ್‌ಗೆ 26,000 ಸೇರುತ್ತದೆ, ನನ್ನದು ಅಷ್ಟೇ ಇಳಿಯುತ್ತದೆ, 28, 29ರ ಖರ್ಚೂ ಮೊದಲಿನ ಹಾಗೇ ಇದೆ.

ಸುಲ್ತಾನ್ ಉಸ್ಮಾನ್ ಕಥೆಯನ್ನು ಗುಂಪಿನಲ್ಲಿ ಹಾಕಿದೆ. ಗ್ರೀಸ್ ಆಡುವವನು ಆ ಗೆಲುವನ್ನು ತಾನಾಗಿ ಬಿಟ್ಟುಕೊಟ್ಟ. ಹಡಗುಗಳು 33ನೇ ಸುತ್ತಿಗೆ ಯುದ್ಧಕ್ಕೆ ಸಿದ್ಧ, ಅಲ್ಲೀವರೆಗೆ ಬಂದರಿನಲ್ಲೇ ಇರುತ್ತವೆ. ಏಜಿಯನ್ ಯುದ್ಧವನ್ನು ಈ ಭಾನುವಾರ ಮತ್ತೆ ಆಡುತ್ತೇವೆ, ಟರ್ಕಿ ಆಡುವವನು ಐದು ಗಂಟೆಗೇ ಬರುತ್ತೇನೆ ಅಂದಿದ್ದಾನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ.